ಪೆಡಲ್ ಮೇಲೇಳದಿದ್ರೆ ಗೇರ್‌ಬಾಕ್ಸ್ ಯಾಕ್ರೀ ಇಳಿಸ್ಬೇಕು?

ಬೋರ್‌ವೆಲ್ ಮೋಟರ್ ಓಡ್ತಿಲ್ಲ ಅಂದ್ರೆ ನಮ್ಮಲ್ಲಿ ಯಾರೂ ಮೊದಲೇ ಪೈಪ್ ಎತ್ತಿಸಲ್ಲ. ಮೂರು ಫೇಸ್ ಬಂದಿದ್ಯಾ, ಫ್ಯೂಸ್ ಸರಿ ಇದ್ಯಾ, ಸ್ಟಾರ್ಟರ್ ಹಿಡೀತಾ ಅಂತ ನೋಡ್ತೀವಿ. ಅದೇ ನಾವು, ವ್ಯಾನಿನ ಕ್ಲಚ್ ಪೆಡಲ್ ಅಂಟಿಕೊಂಡಾಗ ಯಾರೋ "ಪ್ಲೇಟ್ ಹೋಗಿದೆ, ಗೇರ್‌ಬಾಕ್ಸ್ ಇಳಿಸ್ಬೇಕು" ಅಂದ್ರೆ ತಲೆಯಾಡಿಸಿ ಕೀ ಕೊಟ್ಟು ಬರ್ತೀವಿ. ಈ ಚಾಳಿ ಬಿಡಬೇಕು.

ನಂದೇ ಕಥೆ ಕೇಳಿ. ಆಲೂಗಡ್ಡೆ ತುಂಬಿಕೊಂಡು ಹೊಳೆನರಸೀಪುರ ದಾಟಿ ಹಾಸನ ಎಪಿಎಂಸಿಗೆ ಹೊರಟಿದ್ದೆ. ಗೇರ್ ಬದಲಿಸೋಕೆ ಒತ್ತಿದ ಪೆಡಲ್ ಕೆಳಗೇ ಕೂತುಬಿಡ್ತು. ಕಾಲಿನ ತುದಿಯಲ್ಲಿ ಎತ್ತಿ ಎತ್ತಿ ಮಾರ್ಕೆಟ್ ಸೇರಿದೆ. ಗ್ಯಾರೇಜಿನಲ್ಲಿ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಎಲ್ಲಾ ಹೊಸದು ಹಾಕಿದ್ರು. ಎರಡು ದಿನ ಬೇರೆ ಗಾಡಿಗೆ ಬಾಡಿಗೆ ಕೊಟ್ಟೆ. ಹದಿನೈದೇ ದಿನಕ್ಕೆ ಪೆಡಲ್ ಮತ್ತೆ ಕೂತಿತು.

ಸವೆದ ಪ್ಲೇಟಿನ ಲಕ್ಷಣವೇ ಬೇರೆ ಕಣ್ರೀ. ಲೋಡಿನಲ್ಲಿ ಏರು ಹತ್ತುವಾಗ ಎಂಜಿನ್ ಕೂಗುತ್ತೆ, ಗಾಡಿ ಎಳೆಯಲ್ಲ, ಸುಟ್ಟ ವಾಸನೆ ಬರುತ್ತೆ. ಪೆಡಲ್ ಕೂರೋದು ಹೆಚ್ಚಾಗಿ ಎಣ್ಣೆ ದಾರಿಯ ಕಾಯಿಲೆ. ಓಮ್ನಿಗೆ ಕೇಬಲ್ ಇದೆ. ಎಣ್ಣೆ ಕ್ಲಚ್ಚಿನ ಹಳೇ ವ್ಯಾನಿನಲ್ಲಿ ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಪಕ್ಕ ಸ್ಲೇವ್ ಸಿಲಿಂಡರ್, ನಡುವೆ ಪೈಪು. ಗಾಡಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ, ಇಷ್ಟು ನೋಡಿ:

1. ಎಣ್ಣೆ ಡಬ್ಬಿ ನೋಡಿ. ಕಮ್ಮಿಯಾಗಿದ್ರೆ ಎಲ್ಲೋ ಸೋರ್ತಿದೆ. ಕಾಲಡಿಯ ಮ್ಯಾಟ್ ಎತ್ತಿ, ಅಲ್ಲಿ ಒದ್ದೆ ಇದ್ರೆ ಮಾಸ್ಟರ್. ಕೆಳಗೆ ಸ್ಲೇವಿನ ರಬ್ಬರ್ ಟೋಪಿ ಸರಿಸಿ, ಒದ್ದೆ ಇದ್ರೆ ಸ್ಲೇವ್.

2. ನಾಲ್ಕೈದು ಸಲ ಬೇಗ ಬೇಗ ಒತ್ತಿದಾಗ ಪೆಡಲ್ ಗಟ್ಟಿಯಾದ್ರೆ ಗಾಳಿ ಸೇರಿರಬಹುದು, ಏರ್ ತೆಗೆಸಿ. ಹೊರಗೆ ಸೋರಿಕೆ ಇಲ್ಲ, ಆದ್ರೂ ಒತ್ತಿ ಹಿಡಿದ ಪೆಡಲ್ ಮೆಲ್ಲಗೆ ಇಳೀತಿದ್ರೆ ಮಾಸ್ಟರ್ ಒಳಗಿನ ರಬ್ಬರ್ ಸೋತಿದೆ.

3. ಮಾಸ್ಟರ್ ರಾಡಿನ ಪಿನ್ ಬಿಚ್ಚಿ ಪೆಡಲ್ ಆಡಿಸಿ. ಆಗಲೂ ಬಿಗಿಯಿದ್ರೆ ಪೆಡಲ್ ಬುಷ್ ಒಣಗಿದೆ. ಗ್ರೀಸಿನಲ್ಲಿ ಮುಗಿಯೋ ಕೆಲಸ.

4. ಒಬ್ಬರು ಪೆಡಲ್ ಒತ್ತಿ ಬಿಡ್ಲಿ, ಇನ್ನೊಬ್ಬರು ಸ್ಲೇವ್ ರಾಡ್ ನೋಡಿ. ರಾಡ್ ವಾಪಸ್ ಬರದಿದ್ರೆ ಏರ್ ತೆಗೆಯೋ ನಿಪ್ಪಲ್ ಸಡಿಲಿಸಿ. ಎಣ್ಣೆ ಚಿಮ್ಮಿ ರಾಡ್ ಒಳಗೆ ಹೋದ್ರೆ ತೊಂದರೆ ಮೇಲಿದೆ, ಮಾಸ್ಟರ್ ಅಥವಾ ಹೋಸ್. ಹೋಗದಿದ್ರೆ ಸ್ಲೇವ್, ಇಲ್ಲಾ ಗೇರ್‌ಬಾಕ್ಸ್ ಒಳಗಿನ ಫೋರ್ಕು, ಬೇರಿಂಗು. ಸ್ಲೇವ್ ಸರಿ ಇದ್ರೆ ಆಗ ಇಳಿಸಿ, ಬೇಡ ಅನ್ನಲ್ಲ.

ಅರಕಲಗೂಡು ಕಡೆ ಟ್ರ್ಯಾಕ್ಟರ್ ರಿಪೇರಿ ಮಾಡೋ ಹುಡುಗ ಈ ನಾಲ್ಕನೇದನ್ನ ಅರ್ಧ ಗಂಟೆಯಲ್ಲಿ ತೋರಿಸಿದ. ಮಾಸ್ಟರ್ ಬಿಚ್ಚಿದ್ರೆ ಒಳಗಿನ ರಬ್ಬರ್ ಉಬ್ಬಿ ಹಿಡ್ಕೊಂಡಿತ್ತು. "ಡಬ್ಬಿಗೆ ಏನು ಹಾಕಿದ್ರಿ ಅಣ್ಣ?" ಅಂದ. ಎಣ್ಣೆ ಕಮ್ಮಿಯಾಗಿದೆ ಅಂತ ಮನೇಲಿದ್ದ ಎಂಜಿನ್ ಆಯಿಲ್ ಸುರಿದಿದ್ದವನು ನಾನೇ. ಅದಕ್ಕೆ ಬೇಕಾದ್ದು ಬ್ರೇಕ್ ಆಯಿಲ್, ಡಬ್ಬಿ ಮುಚ್ಚಳದಲ್ಲಿ ಬರೆದಿರೋ ಡಾಟ್ 3 ಅಥವಾ ಡಾಟ್ 4. ಎಂಜಿನ್ ಆಯಿಲ್ ಬಿದ್ರೆ ಆ ರಬ್ಬರ್ ಉಬ್ಬಿ ಕೆಡುತ್ತೆ. ಕೆಲವು ಗಾಡಿಯಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅಲ್ಲಿ ಇದೇ ತಪ್ಪು ಮಾಡಿದ್ರೆ ಬ್ರೇಕೂ ಕೈಕೊಡುತ್ತೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ, ಒಳಗೆ ತುಕ್ಕು ಹಿಡಿಸುತ್ತೆ. ಸುಮಾರು 2 ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ.

"ಮೆಕ್ಯಾನಿಕ್ ಕೆಲಸ ನಮಗ್ಯಾಕೆ" ಅಂತೀರಾ? ರಿಪೇರಿ ಅವರೇ ಮಾಡ್ಲಿ. ಆದ್ರೆ ದುಡ್ಡು ನಮ್ಮದು, ಲೋಡು ನಮ್ಮದು. ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂತಲೂ ಹೇಳ್ತಿಲ್ಲ. "ಏನಾದ್ರೂ ಮಾಡಿ, ಸಂಜೆಯೊಳಗೆ ಕೊಡಿ" ಅಂತ ತಲೆ ಮೇಲೆ ನಿಲ್ಲೋರು ನಾವೇ. ಪರೀಕ್ಷೆಗೆ ನೂರು ರೂಪಾಯಿ ಕೊಡೋಕೆ ಅಳ್ತೀವಿ, ಪ್ಲೇಟಿಗೆ ಸಾವಿರಗಟ್ಟಲೆ ಎಣಿಸ್ತೀವಿ.

ಹಾಸನಕ್ಕೆ ಆಲೂಗಡ್ಡೆ ಹೊರೋರು, ಚನ್ನರಾಯಪಟ್ಟಣದಲ್ಲಿ ತೆಂಗಿನಕಾಯಿ ಹೊರೋರು, ಎಲ್ಲರಿಗೂ ಒಂದೇ ಮಾತು. ಗೇರ್‌ಬಾಕ್ಸ್ ಬೋಲ್ಟಿಗೆ ಪಾನಾ ಹಾಕೋಕೆ ಮುಂಚೆ ಕೇಳಿ: "ನಿಪ್ಪಲ್ ಬಿಚ್ಚಿ ನೋಡಿದ್ರಾ?" ಇಲ್ಲ ಅಂದ್ರೆ ಕೀ ಕೊಡ್ಬೇಡಿ.