ಹತ್ತಿದ ಗೇರಿನಲ್ಲೇ ಇಳಿಯಿರಿ

ಹೆಂಗಸರು ಬಸ್ಸಿನ ವಿಷಯ ಬರೆದರೆ ಸೀಟಿಗಾಗಿ ಆದ ಜಗಳ ಬರೆಯಬೇಕು, ಕಿಟಕಿಯಾಚೆಯ ಹಸಿರು ಬರೆಯಬೇಕು, ಬಹಳವೆಂದರೆ ಕಂಡಕ್ಟರು ಕೊಡದೆ ಉಳಿಸಿಕೊಂಡ ಚಿಲ್ಲರೆಯನ್ನು ಬರೆಯಬೇಕು. ಗೇರು, ಇಂಜಿನ್ನು, ಡೀಸೆಲ್ಲು ಇವೆಲ್ಲ ಗಂಡಸರ ಪಾಲು. ಹೀಗೊಂದು ನಿಯಮವನ್ನು ಯಾರು ಮಾಡಿದರೋ ತಿಳಿಯದು. ಇಂದು ನಾನದನ್ನು ಮುರಿಯುತ್ತಿದ್ದೇನೆ. ನಾನು ಓದಿದ್ದು ಬಿ.ಎ., ಬಿ.ಎಡ್. ಕಲಿಸುವುದು ಕನ್ನಡ ಮತ್ತು ಸಮಾಜ ವಿಜ್ಞಾನ. ಸ್ಕೂಟರ್ ಕೂಡ ಓಡಿಸಲು ಬಾರದು. ಆದರೆ ಇಪ್ಪತ್ತೇಳು ವರ್ಷಗಳಿಂದ ಬಸ್ಸನ್ನೇ ನಂಬಿ ಬದುಕಿದವಳು. ನನ್ನ ಜೀವವನ್ನು ಒಪ್ಪಿಸಿ ಕೂರುವ ಯಂತ್ರದ ಬಗ್ಗೆ ಎರಡು ಮಾತು ಕೇಳುವ ಹಕ್ಕು ನನಗಿಲ್ಲವೆಂದರೆ ಹೇಗೆ?

ಕಳೆದ ಮಳೆಗಾಲ ಮುಗಿಯುವ ಹೊತ್ತು. ಉಜಿರೆಯಲ್ಲಿರುವ ಅಮ್ಮನನ್ನು ನೋಡಲು ಹೊರಟಿದ್ದೆ. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂದು ಹತ್ತಿದರು. ನನಗೆ ಡ್ರೈವರ್ ಹಿಂದಿನ ಸೀಟು ಸಿಕ್ಕಿತ್ತು. ಚಾರ್ಮಾಡಿ ಘಾಟಿಯ ಇಳಿಜಾರು ಶುರುವಾಗುತ್ತಿದ್ದಂತೆ ಇಂಜಿನ್ನಿನ ಸದ್ದು ಇದ್ದಕ್ಕಿದ್ದಂತೆ ಅಡಗಿತು. ಬಗ್ಗಿ ನೋಡಿದೆ. ಗೇರಿನ ಕಡ್ಡಿ ಯಾವ ಕಡೆಗೂ ಸೇರದೆ ನಡುವೆ ಸಡಿಲವಾಗಿ ಅಲ್ಲಾಡುತ್ತಿತ್ತು. ಬಸ್ಸು ತನ್ನ ಭಾರಕ್ಕೆ ತಾನೇ ಜಾರುತ್ತಿತ್ತು. ತಿರುವು ಬಂದಾಗಲೆಲ್ಲ ಬ್ರೇಕು, ಬ್ರೇಕು ಬಿಟ್ಟಾಗಲೆಲ್ಲ ಟುಸ್ ಎಂಬ ಗಾಳಿಯ ಸದ್ದು. ನಾಲ್ಕೈದು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಮಗು ಮಲಗಿಸಿಕೊಂಡಿದ್ದ ಹುಡುಗಿ, "ಏನೋ ಸುಡ್ತಾ ಇದೆ ಅಲ್ವಾ ಟೀಚರ್?" ಎಂದಳು.

ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಬಸ್ಸು ನಿಂತಾಗ ಕೇಳಿಯೇ ಬಿಟ್ಟೆ. "ಅಣ್ಣಾ, ಇಳಿಜಾರಿನಲ್ಲಿ ಗೇರಿಗೆ ಹಾಕೋದಿಲ್ವಾ?"

ಆತ ಸಿಡುಕಲಿಲ್ಲ. ನನ್ನ ಮಗನ ವಯಸ್ಸು. "ಡೀಸೆಲ್ ಉಳೀಬೇಕಲ್ಲ ಮೇಡಂ. ಲೀಟರಿಗೆ ಅವರು ಹೇಳಿದಷ್ಟು ಬರ್ಲಿಲ್ಲ ಅಂದ್ರೆ ನಾಳೆ ಬೋರ್ಡ್ ಮೇಲೆ ನನ್ನ ಹೆಸರು ಬರೀತಾರೆ" ಎಂದ.

ಹಿಂದಿನ ಸೀಟಿನ ಹಿರಿಯರೊಬ್ಬರು ನನಗೆ ಬುದ್ಧಿ ಹೇಳಿದರು: "ಅದೆಲ್ಲ ನಿಮಗೆ ಗೊತ್ತಾಗೋಲ್ಲಮ್ಮ. ಸುಮ್ನೆ ಕೂತ್ಕೊಳ್ಳಿ."

ಸುಮ್ಮನೆ ಕೂತೆ. ಅಂದು ದೇವರು ದೊಡ್ಡವನು, ಉಜಿರೆ ತಲುಪಿದೆವು. ಬಸ್ಸು ಸರ್ಕಾರದ್ದೋ ಖಾಸಗಿಯವರದ್ದೋ ನಾನು ಹೇಳುವುದಿಲ್ಲ. ಈ ಚಾಳಿ ಒಬ್ಬರ ಮನೆಯ ಸ್ವತ್ತಲ್ಲ. ಆದರೆ ಆ "ಗೊತ್ತಾಗೋಲ್ಲಮ್ಮ" ಎಂಬ ಮಾತು ಮಾತ್ರ ಕಾಲಿಗೆ ಹೊಕ್ಕ ಮುಳ್ಳಿನಂತೆ ಉಳಿಯಿತು. ಗೊತ್ತು ಮಾಡಿಕೊಳ್ಳೋಣ ಎಂದು ಹೊರಟೆ. ಗ್ಯಾರೇಜು ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯನ್ನೂ ನಮ್ಮ ಶಾಲೆಯ ವಿಜ್ಞಾನದ ಮೇಷ್ಟ್ರನ್ನೂ ತಿಂಗಳುಗಟ್ಟಲೆ ಪೀಡಿಸಿದೆ. ತಿಳಿದದ್ದು ಇಷ್ಟು.

ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಇಂಜಿನ್ನಿಗೆ ಕಿಡಿ ಬೇಡ. ಅದು ಗಾಳಿಯನ್ನು ಎಳೆದುಕೊಂಡು ಬಿಗಿಯಾಗಿ ಅದುಮುತ್ತದೆ. ಇಂದಿನ ಬಸ್ಸುಗಳಲ್ಲಿ ಹದಿನಾರು ಹದಿನೇಳು ಪಾಲು ಗಾಳಿ ಒಂದು ಪಾಲಿನ ಜಾಗಕ್ಕೆ ಇಳಿಯುತ್ತದೆ. ಅದುಮಿದ ಗಾಳಿ 500 ಡಿಗ್ರಿಗೂ ಹೆಚ್ಚು ಕಾಯುತ್ತದೆ. ಆ ಬಿಸಿಗೆ ಡೀಸೆಲ್ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ಬುಡ ಬಿಸಿಯಾಗುವುದನ್ನು ಮುಟ್ಟಿ ನೋಡಿದವರಿಗೆ ಇದು ಕಷ್ಟದ ಪಾಠವಲ್ಲ.

ಇನ್ನು ಗೇರು. ಇಂಜಿನ್ನಿಗೆ ಎಲ್ಲ ವೇಗದಲ್ಲೂ ಒಂದೇ ಶಕ್ತಿಯಿಲ್ಲ. ತೀರಾ ನಿಧಾನಕ್ಕೆ ತಿರುಗಿದರೆ ಏದುಸಿರು, ತೀರಾ ಜೋರಾಗಿ ತಿರುಗಿದರೆ ತನ್ನ ಸವಕಳಿಗೇ ಡೀಸೆಲ್ ಖರ್ಚು. ನಡುವೆ ಒಂದು ಹದವಿದೆ. ಎಷ್ಟೋ ಬಸ್ಸುಗಳಲ್ಲಿ ಡ್ರೈವರ್ ಮುಂದಿನ ಗಡಿಯಾರದಂಥ ಮೀಟರಿನಲ್ಲಿ ಆ ಹದವನ್ನು ಹಸಿರು ಪಟ್ಟಿಯಾಗಿ ಬಳಿದಿರುತ್ತಾರೆ. ಏರಿನಲ್ಲಾಗಲಿ ಬಯಲಿನಲ್ಲಾಗಲಿ ಮುಳ್ಳು ಆ ಹಸಿರಿನಲ್ಲಿ ನಿಲ್ಲುವಂತೆ ಗೇರು ಆರಿಸುವುದೇ ಜಾಣತನ. ಏರಿನಲ್ಲಿ ಗೇರು ಇಳಿಸಿದರೆ ಡೀಸೆಲ್ ಹೋಗುತ್ತದೆಂದು ಹೆದರಿ ದೊಡ್ಡ ಗೇರಿನಲ್ಲೇ ಬಸ್ಸನ್ನು ಹಿಂಡುವವರಿದ್ದಾರೆ. ಆಗ ಬಸ್ಸು ಗಡಗಡ ನಡುಗಿ ಹಿಂದಿನಿಂದ ಕಪ್ಪು ಹೊಗೆ ಕಕ್ಕುತ್ತದೆ. ಆ ಕಪ್ಪು ಏನೆಂದು ತಿಳಿದಿದ್ದೀರಿ? ಪೂರ್ತಿ ಉರಿಯದ ಡೀಸೆಲ್. ಉಳಿಸಲು ಹೋದದ್ದೇ ಹೊಗೆಯಾಗಿ ನಮ್ಮ ಮಕ್ಕಳ ಮೂಗಿಗೆ ಹೋಯಿತು.

ಈಗ ಇಳಿಜಾರಿಗೆ ಬರೋಣ. ಗೇರಿನಲ್ಲಿಟ್ಟು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಏನಾಗುತ್ತದೆ? ಚಕ್ರಗಳೇ ಇಂಜಿನ್ನನ್ನು ತಿರುಗಿಸುತ್ತವೆ. ಅದಕ್ಕೆ ಆಗ ಡೀಸೆಲ್ ಬೇಕಿಲ್ಲ, ಪಂಪು ಕೊಡುವುದೂ ಇಲ್ಲ. ಹಳೆಯ ಬಸ್ಸುಗಳಲ್ಲಿ ಪಂಪಿನ ಗವರ್ನರ್ ಈ ಕೆಲಸ ಮಾಡುತ್ತಿತ್ತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲಿನ ಬಸ್ಸುಗಳಲ್ಲಿ ಕಂಪ್ಯೂಟರೇ ಮಾಡುತ್ತದೆ. ಅಂದರೆ ಖರ್ಚು ಸೊನ್ನೆ. ನ್ಯೂಟ್ರಲ್ ಮಾಡಿದಿರೋ, ಇಂಜಿನ್ ಆರದಂತೆ ತಾನೇ ತಿರುಗುತ್ತಿರಬೇಕು. ಅದಕ್ಕೆ ಡೀಸೆಲ್ ಬೇಕೇ ಬೇಕು, ಗಂಟೆಗೆ ಒಂದೆರಡು ಲೀಟರ್. ಅರ್ಧ ಗಂಟೆ ಘಟ್ಟ ಇಳಿಯುವಾಗ ನ್ಯೂಟ್ರಲ್‌ನಲ್ಲಿ ಅರ್ಧ ಲೀಟರೋ ಒಂದು ಲೀಟರೋ ಉರಿಯಿತು, ಗೇರಿನಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಯಾವುದಯ್ಯಾ ಉಳಿತಾಯ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಯಲುಸೀಮೆಯ ಸಣ್ಣ ಇಳಿಜಾರಿನಲ್ಲಿ, ಬ್ರೇಕು ಹಾಕುವ ಅಗತ್ಯವೇ ಇಲ್ಲದ ಕಡೆ, ನ್ಯೂಟ್ರಲ್ ಮಾಡಿದ ಬಸ್ಸು ಹೆಚ್ಚು ದೂರ ಉರುಳುವುದು ನಿಜ. ಈ ನಂಬಿಕೆ ಹುಟ್ಟಿದ್ದು ಅಲ್ಲೇ ಇರಬೇಕು. ಅಲ್ಲೂ ಅದು ಸುರಕ್ಷಿತವಲ್ಲ ಎಂಬುದು ಬೇರೆ ಮಾತು. ಆದರೆ ಹೆಜ್ಜೆಹೆಜ್ಜೆಗೂ ಬ್ರೇಕು ತುಳಿಯಲೇಬೇಕಾದ ಘಟ್ಟಕ್ಕೆ ಬಯಲಿನ ಬುದ್ಧಿ ತಂದರೆ ಡೀಸೆಲ್ಲೂ ಹೋಯಿತು, ಬ್ರೇಕೂ ಹೋಯಿತು.

ಬ್ರೇಕು ಹೋಗುವುದು ಹೇಗೆ? ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಜನ ತುಂಬಿದ 14 ಟನ್ ತೂಕದ ಬಸ್ಸು 500 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 200 ಲೀಟರ್ ತಣ್ಣೀರನ್ನು ಕುದಿಸಬಹುದಂತೆ. ಬಚ್ಚಲ ಹಂಡೆಗೆ ಬೆಂಕಿ ಹಾಕುವ ನಮಗೆ ಅದೆಷ್ಟು ಶಾಖವೆಂದು ಯಾರೂ ಹೇಳಿಕೊಡಬೇಕಿಲ್ಲ. ಗೇರಿನಲ್ಲಿದ್ದರೆ ಆ ಹೊರೆಯ ದೊಡ್ಡ ಪಾಲನ್ನು ಇಂಜಿನ್ ಹೊರುತ್ತದೆ. ಎಕ್ಸಾಸ್ಟ್ ಬ್ರೇಕ್ ಇರುವ ಬಸ್ಸಿನಲ್ಲಿ ಹೊಗೆ ಹೋಗುವ ಕೊಳವೆಯನ್ನು ಬಹುಮಟ್ಟಿಗೆ ಮುಚ್ಚಿ ಇನ್ನಷ್ಟು ತಡೆಯಬಹುದು. ನ್ಯೂಟ್ರಲ್‌ನಲ್ಲಿ ಬಹುಪಾಲು ಶಾಖ ಚಕ್ರದ ಬ್ರೇಕ್ ಡ್ರಮ್ಮುಗಳಿಗೇ. ಡ್ರಮ್ಮು ಕೆಂಪಗೆ ಕಾದರೆ ಲೈನರ್ ಹಿಡಿತ ಬಿಡುತ್ತದೆ. ಎಷ್ಟು ತುಳಿದರೂ ಬಸ್ಸು ನಿಲ್ಲದು. ಅದರ ಮೇಲೆ ಬ್ರೇಕಿನ ಗಾಳಿ ತುಂಬುವ ಕಂಪ್ರೆಸರ್ ನಡೆಯುವುದೂ ಇಂಜಿನ್ನಿನಿಂದಲೇ. ಇಂಜಿನ್ ಮೆಲ್ಲಗೆ ತಿರುಗುತ್ತಿದ್ದರೆ ಗಾಳಿ ತುಂಬುವುದು ನಿಧಾನ, ಪದೇಪದೇ ತುಳಿಯುವುದರಿಂದ ಖರ್ಚಾಗುವುದು ಬೇಗ. ಇಂಜಿನ್ ಆರಿಯೇ ಹೋದರೆ ಪವರ್ ಸ್ಟಿಯರಿಂಗೂ ಬಿಗಿದುಕೊಳ್ಳುತ್ತದೆ. ಆ ದಿನ ನಾವು ಮೂಸಿದ ಸುಟ್ಟ ವಾಸನೆ ಇದರ ಮುನ್ನುಡಿ.

ಹಾಗಾದರೆ ತಪ್ಪು ಆ ಹುಡುಗನದೇ? ನಾನು ಹಾಗೆನ್ನಲಾರೆ. ಅವನ ತಲೆಯ ಮೇಲೆ ಒಂದು ಅಂಕಿ ಕೂತಿದೆ: ಲೀಟರಿಗೆ ಎಷ್ಟು ಕಿಲೋಮೀಟರ್. ಘಟ್ಟದ ಬಸ್ಸನ್ನೂ ಬಯಲಿನ ಬಸ್ಸನ್ನೂ ಒಂದೇ ಬೋರ್ಡಿನಲ್ಲಿ ಬರೆದು, ಕಡಿಮೆ ಬಂದವನನ್ನು ಹತ್ತು ಜನರ ಮುಂದೆ ನಿಲ್ಲಿಸಿದರೆ ಅವನು ಏನು ಮಾಡಿಯಾನು? ಟೈರಿನ ಗಾಳಿ ಕಡಿಮೆಯಿದ್ದರೆ, ಏರ್ ಫಿಲ್ಟರ್ ಧೂಳಿನಿಂದ ಕಟ್ಟಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಬ್ರೇಕು ಪೂರ್ತಿ ಬಿಡದೆ ಚಕ್ರವನ್ನು ಹಿಡಿದುಕೊಂಡಿದ್ದರೆ ಡೀಸೆಲ್ ಹೆಚ್ಚು ಕುಡಿಯುತ್ತದೆ. ಇವೆಲ್ಲ ಡಿಪೋದವರ ಮನೆಗೆಲಸ. ಆ ಮನೆಗೆಲಸ ಮಾಡದೆ ಡ್ರೈವರಿನ ಕಾಲನ್ನಷ್ಟೇ ದೂರುವುದು, ಒಲೆಯ ಬೂದಿ ತೆಗೆಯದೆ ಸೊಸೆ ಸೌದೆ ಹೆಚ್ಚು ಉರಿಸುತ್ತಾಳೆ ಎಂದ ಅತ್ತೆಯ ನ್ಯಾಯ.

ಒಂದೇ ಅಂಕಿಯ ಭಯ ಏನು ಮಾಡಿಸುತ್ತದೆಂದು ನನಗೆ ಗೊತ್ತು, ಏಕೆಂದರೆ ನಾನೂ ಮಾಡಿದ್ದೇನೆ. ಶಾಲೆಯಲ್ಲಿ ನಮ್ಮ ತಲೆಯ ಮೇಲೂ ಒಂದು ಅಂಕಿಯಿದೆ, ಎಸ್ಸೆಸ್ಸೆಲ್ಸಿ ಫಲಿತಾಂಶ. ಒಂದು ವರ್ಷ ಓದಿನಲ್ಲಿ ಹಿಂದಿದ್ದ ಹುಡುಗಿಯೊಬ್ಬಳನ್ನು ಒಂಬತ್ತರಲ್ಲೇ ತಡೆದೆವು. ನಾನೂ ಸಹಿ ಹಾಕಿದೆ. ಮರುವರ್ಷ ಹತ್ತನೆಯ ತರಗತಿಗೆ ಶೇಕಡ ನೂರು ಬಂತು, ಹಾರ ಹಾಕಿದರು, ಫೋಟೋ ತೆಗೆದರು. ಆ ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ನಮ್ಮ ಬೋರ್ಡಿನ ಅಂಕಿ ಚೆನ್ನಾಗಿತ್ತು. ಸುಟ್ಟ ವಾಸನೆ ಮಾತ್ರ ನಮ್ಮ ಮೂಗಿಗೆ ಬರಲಿಲ್ಲ. ಆದ್ದರಿಂದ ಆ ಡ್ರೈವರಣ್ಣನ ಮೇಲೆ ಕಲ್ಲೆಸೆಯುವ ಕೈ ನನ್ನದಲ್ಲ. ನನ್ನ ಜಗಳವೆಲ್ಲ ಅಂಕಿ ಬರೆಯುವ ಬೋರ್ಡಿನೊಡನೆ.

ಡೀಸೆಲ್ ಉಳಿಸಬೇಡಿ ಎಂದು ನಾನು ಹೇಳುತ್ತಿಲ್ಲ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ಮಕ್ಕಳ ಫೀಸು ಕಟ್ಟಿದ ಹೆಂಗಸರಿಗೆ ಉಳಿತಾಯದ ಪಾಠ ಯಾರು ಹೇಳಬೇಕು? ಆದರೆ ಹಳಸಿದ್ದನ್ನು ಎಸೆಯಲಾರದೆ ಮಕ್ಕಳಿಗೆ ಬಡಿಸಿ, ಮರುದಿನ ಡಾಕ್ಟರಿಗೆ ದುಡ್ಡು ಕೊಡುವುದನ್ನು ನಾವು ಉಳಿತಾಯ ಎನ್ನುವುದಿಲ್ಲ. ದೊಡ್ಡ ಬಸ್ಸು ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡುತ್ತದೆ. ಐವತ್ತು ಜನ ಕೂತರೆ ಒಂದು ಲೀಟರಿನಲ್ಲಿ ಐವತ್ತೂ ಜನ ನಾಲ್ಕು ಕಿಲೋಮೀಟರ್ ಮುಂದೆ ಹೋದಂತಾಯಿತು. ಇಬ್ಬರು ಕೂತ ಸ್ಕೂಟರೂ ಈ ಲೆಕ್ಕಕ್ಕೆ ಸರಿಗಟ್ಟದು. ಬಸ್ಸು ಹುಟ್ಟಿನಿಂದಲೇ ಮಿತವ್ಯಯದ್ದು. ಅದನ್ನು ಚೆನ್ನಾಗಿ ನೋಡಿಕೊಳ್ಳಿ, ಸಾಕು. ಘಟ್ಟದ ದಾರಿಗೆ ಘಟ್ಟದ ಲೆಕ್ಕವಿರಲಿ. ಬೋರ್ಡಿನಲ್ಲಿ ಲೀಟರಿನ ಪಕ್ಕದಲ್ಲೇ ಆ ಬಸ್ಸಿಗೆ ಎಷ್ಟು ಸಲ ಬ್ರೇಕ್ ಲೈನರ್ ಹಾಕಿಸಿದಿರಿ ಎಂದೂ ಬರೆಯಿರಿ. ನ್ಯೂಟ್ರಲ್ಲಿನ ಉಳಿತಾಯ ಎಲ್ಲಿ ಹೋಯಿತೆಂದು ಆಗ ತಿಳಿಯುತ್ತದೆ.

ಹಳೆಯ ಡ್ರೈವರುಗಳ ಒಂದು ಮಾತಿದೆ: ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ. ಈಗಿನ ಇಂಜಿನ್ನುಗಳಿಗೆ ಕಸುವು ಹೆಚ್ಚು, ದೊಡ್ಡ ಗೇರಿನಲ್ಲೇ ಹತ್ತಿಬಿಡುತ್ತವೆ. ಹಾಗಾಗಿ ಇಳಿಯುವಾಗ ಇನ್ನೂ ಒಂದು ಗೇರು ಕೆಳಗಿರಲಿ ಎನ್ನುತ್ತಾನೆ ನನ್ನ ಗ್ಯಾರೇಜಿನ ಶಿಷ್ಯ. ಗೇರು ಇಳಿಸಬೇಕಾದದ್ದು ಇಳಿಜಾರು ಶುರುವಾಗುವ ಮೊದಲೇ; ವೇಗ ಹಿಡಿದ ಮೇಲೆ ಹಾಕಲು ಹೋದರೆ ಗೇರು ಕೂರದೆ ಅಲ್ಲೇ ನ್ಯೂಟ್ರಲ್ಲಿಗೆ ಸಿಕ್ಕಿಬೀಳುವ ಅಪಾಯವಿದೆ.

ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸುಗಳಲ್ಲಿ ನಾವೇ ಹೆಚ್ಚು. ಆದ್ದರಿಂದ ಅಕ್ಕತಂಗಿಯರೇ, ಈ ಒಂದು ಪಾಠ ನೆನಪಿಟ್ಟುಕೊಳ್ಳಿ. ಘಟ್ಟ ಇಳಿಯುವಾಗ ಇಂಜಿನ್ನು ಗೊರಗೊರ ಎನ್ನುತ್ತಿದ್ದರೆ ಗೊಣಗಬೇಡಿ, ನಿಶ್ಚಿಂತೆಯಿಂದ ನಿದ್ದೆ ಮಾಡಿ. ಆ ಸದ್ದು ನಿಂತರೆ ಎದ್ದು ಕೇಳಿ. "ನಿಮಗೆ ಗೊತ್ತಾಗೋಲ್ಲಮ್ಮ" ಎಂದು ಹಿಂದಿನ ಸೀಟಿನವರು ಹೇಳಿಯೇ ಹೇಳುತ್ತಾರೆ. ಹೇಳಲಿ. ನಾನಂತೂ ಇನ್ನು ಸುಮ್ಮನೆ ಕೂರುವವಳಲ್ಲ.