ಅರ್ಥವಾಗದ ಚಿತ್ರಗಳು

ಕ್ಲಿಷ್ಟತ್ವವನ್ನು ನಮ್ಮ ಆಲಂಕಾರಿಕರು ಕಾವ್ಯದೋಷಗಳಲ್ಲಿ ಎಣಿಸಿರುವರು. ಕಾವ್ಯವನ್ನು ಸವಿಯುವುದಕ್ಕೆ ಸಹೃದಯನೂ ಬೇಕೆಂದು ಅವರೇ ಹೇಳಿರುವರು. ಹಾಗಾದರೆ ಕೃತಿಯೊಂದು ಅರ್ಥವಾಗದಿದ್ದಲ್ಲಿ ತಪ್ಪು ಯಾರದು? ಜಪಾನು ದೇಶದಲ್ಲಿ ಈ ಪ್ರಶ್ನೆಯು ಒಮ್ಮೆ ನ್ಯಾಯಸ್ಥಾನದ ಮೆಟ್ಟಲನ್ನೇ ಹತ್ತಿತು. ಆ ಸಂಗತಿಯನ್ನು ವಾಚಕ ಮಹಾಶಯರ ಮುಂದಿಡುತ್ತೇನೆ.

ಚಲಚ್ಚಿತ್ರ ನಿರ್ದೇಶಕರಾದ ಸೆಯ್ಜುನ್ ಸುಜುಕಿಯವರು 1923ರಲ್ಲಿ ಟೋಕಿಯೋ ನಗರದಲ್ಲಿ ಜನಿಸಿದರು. 1956ರಿಂದ 1967ರ ವರೆಗೆ ನಿಕ್ಕಾತ್ಸು ಎಂಬ ಸಂಸ್ಥೆಯ ನೌಕರರಾಗಿ ಸುಮಾರು 40 ಚಿತ್ರಗಳನ್ನು ತೆಗೆದರು. ಕಥೆಯೂ ಹಣವೂ ಸಂಸ್ಥೆಯವು; ಕಥೆಗಳೋ ಬಹುಮಟ್ಟಿಗೆ ಪುಂಡರವು, ಕೊಲೆಗಾರರವು. ನಿಪುಣಳಾದ ಗೃಹಿಣಿಯು ಒಂದೇ ಅಕ್ಕಿಯಿಂದ ದೋಸೆ, ಕಡುಬು, ಪಾಯಸಗಳನ್ನು ಮಾಡುವಂತೆ, ಇವರು ಆ ಸವೆದ ಸಾಮಗ್ರಿಯಿಂದಲೇ ನಾನಾ ರಸಗಳನ್ನು ತೆಗೆದರು. ‘ಗೇಟ್ ಆಫ್ ಫ್ಲೆಶ್’ (1964) ಯುದ್ಧದಲ್ಲಿ ಪಾಳುಬಿದ್ದ ಟೋಕಿಯೋದಲ್ಲಿ ದೇಹವನ್ನು ಮಾರಿ ಬದುಕುವ ಹೆಂಗಸರ ಕಥೆ. ಒಬ್ಬೊಬ್ಬಳಿಗೂ ಒಂದೊಂದು ಬಣ್ಣದ ಉಡುಪು. ‘ಫೈಟಿಂಗ್ ಎಲೆಜಿ’ (1966) ಹುಡುಗರ ಹೊಡೆದಾಟದ ಹಾಸ್ಯವಾಗಿ ಮೊದಲಾಗಿ, 1936ರ ಸೈನಿಕ ದಂಗೆಯ ನೆರಳಿನಲ್ಲಿ ಮುಗಿಯುವುದು.

‘ಬ್ರ್ಯಾಂಡೆಡ್ ಟು ಕಿಲ್’ (1967) ಚಿತ್ರದಲ್ಲಿ ಕೂಲಿಗಾಗಿ ಕೊಲ್ಲುವವನೊಬ್ಬನಿಗೆ ಬೇಯುವ ಅನ್ನದ ವಾಸನೆಯೇ ಪರಮಸುಖ. ಬಂದೂಕಿನ ದುರ್ಬೀನಿನ ಮೇಲೆ ಚಿಟ್ಟೆಯೊಂದು ಕುಳಿತು ಅವನ ಗುರಿ ತಪ್ಪುವುದು; ಅಲ್ಲಿಂದ ಬೇಟೆಗಾರನೇ ಬೇಟೆಯಾಗುವನು. ಇಂತಹ ಅರ್ಥವಾಗದ ಚಿತ್ರಗಳನ್ನು ತೆಗೆಯುವರೆಂದು ಸಂಸ್ಥೆಯ ಅಧ್ಯಕ್ಷರು 1968ರಲ್ಲಿ ಇವರನ್ನು ಕೆಲಸದಿಂದ ತೆಗೆದರು. ಇವರು ದಾವೆ ಹೂಡಿದರು. ವಿದ್ಯಾರ್ಥಿಗಳೂ ಚಿತ್ರಾಭಿಮಾನಿಗಳೂ ಇವರ ಪರವಾಗಿ ಬೀದಿಗಿಳಿದರು. 1971ರಲ್ಲಿ ರಾಜಿಯಾಯಿತು. ಆದರೂ 1977ರ ವರೆಗೆ ಚಿತ್ರಮಂದಿರಕ್ಕೆಂದು ಒಂದು ಚಿತ್ರವೂ ಇವರ ಕೈಗೆ ಬರಲಿಲ್ಲ.

1980ರಲ್ಲಿ ‘ಜಿಗಾಯ್ನರ್‌ವೈಸನ್’ ಎಂಬ, ಸತ್ತವರಿಗೂ ಬದುಕಿದವರಿಗೂ ನಡುವಣ ಗೆರೆ ಅಳಿಸಿಹೋಗುವ ಕಥೆಯನ್ನು ತೆಗೆದರು. ಅದನ್ನು ಗಾಳಿ ತುಂಬಿದ ಗುಡಾರದಲ್ಲಿ ಪ್ರದರ್ಶಿಸಬೇಕಾಯಿತು. ಅದೇ ಚಿತ್ರಕ್ಕೆ ಜಪಾನಿನ ಅಕಾಡೆಮಿಯು ವರ್ಷದ ಶ್ರೇಷ್ಠ ಚಿತ್ರವೆಂಬ ಮನ್ನಣೆಯನ್ನಿತ್ತಿತು. 2017ರಲ್ಲಿ ಇವರು ಕಾಲವಾದರು.

ಈ ಚಿತ್ರಗಳೆಲ್ಲವೂ ಮಕ್ಕಳೊಡನೆ ಕುಳಿತು ನೋಡತಕ್ಕವಲ್ಲ, ಹಿರಿಯರು ಆರಿಸಿಕೊಳ್ಳಬೇಕು. ಹಣ ಹಾಕಿದವರಿಗೆ ಹಣದ ಚಿಂತೆಯಿರುವುದೂ ನ್ಯಾಯವೇ. ಆದರೆ ಅರ್ಥವಾಗದ ಪುಸ್ತಕವನ್ನು ಮುಚ್ಚಿಡುವುದು ಬೇರೆ, ಬರೆದವನ ಕೈಯನ್ನು ಕಟ್ಟುವುದು ಬೇರೆ. ಪುಸ್ತಕವನ್ನು ನಾಳೆ ಮತ್ತೆ ತೆರೆಯಬಹುದು; ಕಳೆದುಹೋದ ಆ ವರ್ಷಗಳನ್ನು ಯಾವ ರಾಜಿಯೂ ಹಿಂದಕ್ಕೆ ತಂದುಕೊಡಲಿಲ್ಲ.