ಕಕ್ಷಿಗಾರನ ಹಣವೂ ವಕೀಲರ ಧರ್ಮವೂ

ಸುತ್ತೂರಿನ ಸುತ್ತಣ ರೈತನಿಗೆ ನ್ಯಾಯಾಲಯವೆಂದರೆ ನಂಜನಗೂಡು, ತಿರುಮಕೂಡಲು ನರಸೀಪುರ, ಹೆಚ್ಚೆಂದರೆ ಮೈಸೂರು. ಜಮೀನು ಸ್ವಾಧೀನಕ್ಕೆ ಹೋದಾಗ, ಅಥವಾ ದುಡಿಯುವ ಮಗನು ಮೋಟಾರು ಅಪಘಾತದಲ್ಲಿ ತೀರಿಕೊಂಡಾಗ, ಅವನು ವಕಾಲತ್ತಿನೊಡನೆ ತನ್ನ ನಂಬಿಕೆಯನ್ನೂ ವಕೀಲರ ಕೈಗೊಪ್ಪಿಸುತ್ತಾನೆ. ತೀರ್ಪಾಗಿ, ಪರಿಹಾರದ ಹಣವು ವಕೀಲರ ಕೈಸೇರಿದ ಮೇಲೆ ‘ನಾಳೆ ಬಾ’ ಎಂಬ ಉತ್ತರವೊಂದೇ ಅವನ ಪಾಲಿಗೆ ಉಳಿದರೆ, ಅವನು ಯಾರಲ್ಲಿ ಮೊರೆಯಿಡಬೇಕು?

ಇದು ಕಲ್ಪಿತ ಕಷ್ಟವಲ್ಲ. ಉತ್ತರ ಪ್ರದೇಶದ ಲಖೀಮ್‌ಪುರ ಖೇರಿಯ ವಕೀಲರೊಬ್ಬರು, ವೃದ್ಧನೂ ನಿರಕ್ಷರಿಯೂ ಆದ ಬಡ ಕಕ್ಷಿಗಾರನೊಬ್ಬನ ಭೂಸ್ವಾಧೀನ ಪರಿಹಾರವಾದ 8,118 ರೂಪಾಯಿಗಳನ್ನು 1987ರಲ್ಲಿ ನ್ಯಾಯಾಲಯದಿಂದ ಪಡೆದು, ಆತನಿಗೆ ತಿಳಿಸಲೂ ಇಲ್ಲ, ಕೊಡಲೂ ಇಲ್ಲ. ಭಾರತೀಯ ವಕೀಲರ ಪರಿಷತ್ತು ಮೂರು ವರ್ಷಗಳ ಅಮಾನತ್ತು ಸಾಕೆಂದಿತು. ಸಾಲದೆಂದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆ ವಕೀಲರ ಹೆಸರನ್ನೇ ಪಟ್ಟಿಯಿಂದ ತೆಗೆದುಹಾಕಿತು. ಮೊತ್ತವು ಅಲ್ಪವಾದ ಮಾತ್ರಕ್ಕೆ ದ್ರೋಹವು ಅಲ್ಪವಾಗದೆಂಬುದು ಆ ತೀರ್ಪಿನ ತಾತ್ಪರ್ಯ.

ಪರಿಷತ್ತಿನ ನಿಯಮಗಳಲ್ಲಿ ಅಸ್ಪಷ್ಟತೆಯೇನೂ ಇಲ್ಲ. ಕಕ್ಷಿಗಾರನ ಪರವಾಗಿ ಹಣ ಬಂದೊಡನೆ ಅವನಿಗೆ ತಿಳಿಸತಕ್ಕದ್ದು. ಕೇಳಿದಾಗ ಲೆಕ್ಕದ ಪ್ರತಿಯನ್ನು ಕೊಡತಕ್ಕದ್ದು. ವ್ಯಾಜ್ಯ ಮುಗಿದ ಮೇಲೆ ತಮಗೆ ಸಲ್ಲಬೇಕಾದ ಫೀಸನ್ನು ಕಳೆದುಕೊಳ್ಳುವ ಹಕ್ಕು ವಕೀಲರಿಗುಂಟು. ಆದರೆ ಗೆದ್ದ ಹಣದಲ್ಲಿ ಪಾಲು ಕೇಳುವ ಹಕ್ಕಿಲ್ಲ. ‘ನೂರಕ್ಕೆ ಇಷ್ಟು’ ಎಂಬ ಒಪ್ಪಂದವೇ ನಿಷಿದ್ಧ. ಫೀಸು ಬಾಕಿಯೆಂದು ಕಾಗದಪತ್ರಗಳನ್ನು ತಡೆಹಿಡಿಯುವುದೂ ಸಲ್ಲದೆಂದು ಅದೇ ನ್ಯಾಯಾಲಯವು 2000ದಲ್ಲಿ ತೀರ್ಮಾನಿಸಿದೆ.

ಆದುದರಿಂದ ನೊಂದವನು ಮೊದಲು ನ್ಯಾಯಾಲಯದಲ್ಲಿ ಅರ್ಜಿ ಹಾಕಿ ತೀರ್ಪಿನ ಮತ್ತು ಹಣ ಸಂದಾಯದ ಆಜ್ಞೆಯ ದೃಢೀಕೃತ ನಕಲುಗಳನ್ನು ಪಡೆಯಲಿ. ಎಷ್ಟು ಹಣ, ಯಾವ ದಿನ, ಯಾರ ಕೈಸೇರಿತೆಂಬುದು ಅಲ್ಲಿ ಗೊತ್ತಾಗುವುದು. ಬಳಿಕ ಲೆಕ್ಕವನ್ನೂ ಹಣವನ್ನೂ ಕೇಳಿ ರಿಜಿಸ್ಟರ್ ಅಂಚೆಯಲ್ಲಿ ನೋಟೀಸು ಕಳುಹಿಸಲಿ. ಉತ್ತರ ಬಾರದಿದ್ದರೆ 1961ರ ವಕೀಲರ ಕಾಯಿದೆಯ 35ನೆಯ ಕಲಮಿನಂತೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಡಲಿ. ಒಂದು ವರ್ಷದೊಳಗೆ ಅದು ಇತ್ಯರ್ಥವಾಗದಿದ್ದರೆ ಭಾರತೀಯ ಪರಿಷತ್ತಿಗೆ ವರ್ಗವಾಗತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ.

ಆದರೆ ಶಿಸ್ತಿನ ಶಿಕ್ಷೆಯಿಂದಲೇ ಹಣವು ಮನೆಗೆ ಬಾರದು. ಅದಕ್ಕೆ ಸಿವಿಲ್ ದಾವೆಯೇ ಮಾರ್ಗ. ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ಹೂಡಬೇಕು. ‘ನಾಳೆ ಬಾ’ ಎಂಬ ಮಾತಿನ ಅಪಾಯವಿರುವುದು ಇಲ್ಲಿಯೇ. ವಂಚನೆಯ ಉದ್ದೇಶವು ಸ್ಪಷ್ಟವಾಗಿದ್ದರೆ ನಂಬಿಕೆದ್ರೋಹಕ್ಕಾಗಿ ಪೊಲೀಸರಲ್ಲಿಯೂ ದೂರು ಕೊಡಬಹುದು. ಗ್ರಾಹಕ ನ್ಯಾಯಾಲಯದ ಬಾಗಿಲು ಮಾತ್ರ 2024ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಮುಚ್ಚಿಹೋಗಿದೆ. ಹೀಗಾಗಿ ವಕೀಲರ ಪರಿಷತ್ತಿನ ಹೊಣೆಯು ಇಮ್ಮಡಿಯಾಗಿದೆ. ತಮ್ಮವರನ್ನು ತಾವೇ ವಿಚಾರಿಸುವ ಗೌರವವನ್ನು ಪಡೆದವರು ವಿಚಾರಣೆಯಲ್ಲಿ ವಿಳಂಬ ಮಾಡಲಾಗದು.

ರೋಗಕ್ಕೆ ಮದ್ದಿಗಿಂತ ರೋಗ ಬಾರದಂತೆ ನೋಡುವುದು ಲೇಸು. ಅಪಘಾತ ಪರಿಹಾರದ ಹಣವನ್ನು ನೇರವಾಗಿ ಹಕ್ಕುದಾರನ ಬ್ಯಾಂಕು ಖಾತೆಗೆ ಜಮಾ ಮಾಡುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2025ರಲ್ಲಿ ಸೂಚಿಸಿದೆ. ಭೂಸ್ವಾಧೀನದ ಹಣಕ್ಕೂ ಇದೇ ಪದ್ಧತಿಯನ್ನು ಅಧಿಕಾರಿಗಳು ಕಟ್ಟುನಿಟ್ಟಾಗಿ ಪಾಲಿಸಲಿ. ಹೆಂಗಸರಿಗೂ ಪರಿಶಿಷ್ಟರಿಗೂ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯಿದೆ ವಿಧಿಸಿದೆ. ಅದು ಎಷ್ಟು ಮಂದಿಗೆ ತಿಳಿದಿದೆ? ಸುತ್ತೂರಿನ ಜಾತ್ರೆಗೆ ಹಳ್ಳಿಹಳ್ಳಿಯ ಜನ ನೆರೆಯುತ್ತಾರೆ. ಕೃಷಿಯ ತಿಳಿವಳಿಕೆ ದೊರೆಯುವ ಆ ಎಡೆಯಲ್ಲಿ ಕಾನೂನು ಸೇವಾ ಪ್ರಾಧಿಕಾರದವರೂ ಒಂದು ಮಳಿಗೆಯನ್ನಿಟ್ಟು, ಈ ಹಕ್ಕುಗಳನ್ನು ತಿಳಿಗನ್ನಡದಲ್ಲಿ ಬರೆದು ಹಂಚಲೆಂಬುದು ನಮ್ಮ ಸೂಚನೆ.

ವಕೀಲರಲ್ಲಿ ಬಹುಮಂದಿ ಪ್ರಾಮಾಣಿಕರೆಂಬುದರಲ್ಲಿ ಸಂಶಯವಿಲ್ಲ. ಆ ಪ್ರಾಮಾಣಿಕರ ಮಾನವನ್ನು ಕಾಪಾಡುವುದಕ್ಕಾಗಿಯಾದರೂ ತಾಲ್ಲೂಕಿನ ವಕೀಲರ ಸಂಘಗಳು ಮೊದಲ ದೂರು ಬಂದಾಗಲೇ ಕಕ್ಷಿಗಾರನ ಪಕ್ಕದಲ್ಲಿ ನಿಲ್ಲಬೇಕು.